ಅಹವಾಲಿಗೆ ಮೊದಲು ಬಡಿಸಿದ ಊಟ

ರಾಮನಗರದಿಂದ ಬೆಳಗಿನ ಬಸ್ಸು ಹಿಡಿದು ಕನಕಪುರದಲ್ಲಿ ಇಳಿದೆ. ಮೋಡ ಕವಿದಿತ್ತು, ಮಳೆಯಿಲ್ಲ. ಇಡ್ಲಿ ತಿಂದು ಉಯ್ಯಂಬಳ್ಳಿ ಕಡೆಯ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಆ ದಾರಿಯಲ್ಲಿ ಗಂಡಸರಿಗೆ ಸೀಟು ಸಿಗುವುದು ಅವರವರ ಪುಣ್ಯ. ನಡುದಾರಿಯಲ್ಲಿ ಅಕ್ಕ ಹತ್ತಿದಳು, ಜೊತೆಗೆ ಅವಳ ಊರಿನವರು.

ಅವಳ ಹೊಲದ ಮಗ್ಗುಲಿನ ಗುಡ್ಡದಲ್ಲಿ ಕಲ್ಲು ಒಡೆಯಲು ಯಾರೋ ಪರಿಸರ ಅನುಮತಿ ಕೇಳಿದ್ದರು. ಕೊಡುವ ಮುನ್ನ ಸರ್ಕಾರ ಊರವರ ಅಹವಾಲು ಕೇಳಬೇಕು. ಅಂದು ಆ ಸಭೆ. ಅಕ್ಕನ ಬದುಕೆಲ್ಲ ಹಿಪ್ಪುನೇರಳೆ ಮತ್ತು ರೇಷ್ಮೆ ಹುಳು. ಸೊಪ್ಪಿನ ಮೇಲೆ ಕಲ್ಲಿನ ದೂಳು ಕೂತರೆ ಹುಳು ಉಳಿಯುವುದಿಲ್ಲ.

“ಇವತ್ತು ಸುಮ್ಕಿದ್ರೆ ಮುಗೀತು ಕಣವ್ವ. ಎಲ್ರೂ ಎದ್ದು ಬ್ಯಾಡ ಅನ್ಬೇಕು,” ಎಂದರು ಪಕ್ಕದ ಹೊಲದ ಸಿದ್ದಣ್ಣ. ಬಸ್ಸಿನಲ್ಲಿದ್ದ ಊರವರೆಲ್ಲ ಹೂಂಗುಟ್ಟಿದರು.

ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅಧಿಕಾರಿಗಳು ಇನ್ನೂ ಬಂದಿರಲಿಲ್ಲ, ಊಟ ಮಾತ್ರ ತಯಾರಿತ್ತು. ಅನುಮತಿ ಕೇಳಿದ್ದ ಕ್ವಾರಿಯವರು ಕೈಹಿಡಿದು ಕರೆದು ಮುದ್ದೆ, ಕೋಳಿ ಸಾರು ಬಡಿಸಿದರು. ಸಿದ್ದಣ್ಣ ಕೂತರು. ಅವರ ಹಿಂದೆಯೇ ಉಳಿದವರೂ ಕೂತರು. ನಾನೂ ಕೂರಲು ಹೊರಟಾಗ ಅಕ್ಕ ತೋಳು ಹಿಡಿದಳು.

“ಕೂರ್ಬ್ಯಾಡ ಕಣೋ. ಉಂಡ್ಬುಟ್ಟು ಅವ್ರ ಎದ್ರಿಗೇ ಬ್ಯಾಡ ಅನ್ನಕ್ಕಾಯ್ತದಾ?”

ನಮ್ಮ ಕಡೆ ಒಬ್ಬರ ಅನ್ನ ಉಂಡು, ಕೈ ಆರುವ ಮುನ್ನ ಅವರ ವಿರುದ್ಧ ಬಾಯಿ ಬಿಡುವವರಿಲ್ಲ. ಕ್ವಾರಿಯವರಿಗೆ ಇದು ತಿಳಿಯದ್ದೇನಲ್ಲ. ನನಗೆ ಮೈಯೆಲ್ಲ ಉರಿಯಿತು. ಉಣ್ಣುವವರ ಮೇಲೆ ಸಿಟ್ಟಾಗಲೂ ಮನಸ್ಸು ಬರಲಿಲ್ಲ. ಕರೆದ ಊಟಕ್ಕೆ ಒಲ್ಲೆ ಎಂದು ಅವರಿಗೆ ಅಭ್ಯಾಸವಿಲ್ಲ.

ಮಧ್ಯಾಹ್ನ ಅಧಿಕಾರಿಗಳು ಬಂದರು. ಯೋಜನೆಯ ವಿವರ ಓದಿಸಿ, “ಆಕ್ಷೇಪಣೆ ಇದ್ದವರು ಹೇಳಬಹುದು,” ಎಂದರು. ಯಾರೂ ತಲೆ ಎತ್ತಲಿಲ್ಲ. ಅಕ್ಕ ಎದ್ದಳು.

“ಸಾ, ಗುಡ್ಡ ಒಡುದ್ರೆ ಸೊಪ್ನ ಮ್ಯಾಲೆ ದೂಳ್ ಕೂರ್ತದೆ. ಹುಳ ಸಾಯ್ತವೆ. ನಂಗೆ ಬ್ಯಾರೆ ಬದ್ಕಿಲ್ಲ. ಅನುಮತಿ ಕೊಡ್ಬ್ಯಾಡಿ.”

ಅಧಿಕಾರಿ ಗಮನವಿಟ್ಟು ಕೇಳಿದರು. ಅವಳ ಹೆಸರು, ಮಾತು ಎರಡನ್ನೂ ಬರೆಸಿ, ಓದಿ ಹೇಳಿಸಿದರು. “ಬೇರೆ ಯಾರಾದರೂ?” ಎಂದು ಮತ್ತೆ ಮತ್ತೆ ಕೇಳಿದರು. ಸಿದ್ದಣ್ಣ ಟವೆಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು. ಸಭೆ ಮುಗಿಯಿತು.

ವಾಪಸು ಬಸ್ಸಿನಲ್ಲಿ ಸಿದ್ದಣ್ಣ ಹಿಂದಿನ ಸೀಟಿನಿಂದ ಬಾಗಿ, “ಚೆನ್ನಾಗ್ ಹೇಳ್ದೆ ಕಣವ್ವ. ನಮ್ಮೆಲ್ರ ಮಾತೂ ನೀನೇ ಆಡ್ಬುಟ್ಟೆ,” ಎಂದರು.

ಅಕ್ಕ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಗುಡ್ಡವನ್ನೇ ನೋಡುತ್ತಿದ್ದಳು.

“ಅವ್ರು ಬರ್ಕೊಂಡಿದ್ದು ನನ್ನೊಬ್ಳ ಹೆಸ್ರು ಕಣಣ್ಣ,” ಎಂದಳು.