ಕಾಣದವಳಿಗೆ ನಗುವ ಕೂಸು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದ ಹೆಂಗಸೊಬ್ಬಳು ಸಿಕ್ಕು, "ಏನ್ರೀ, ನಿಮ್ ವಯಸ್ಸ ಹಿಂದಕ್ಕ ಹೊಂಟೈತಲ್ಲ. ಮಾರಿಗೆ ಏನ್ ಹಚ್ಕೋತೀರಿ?" ಎಂದಳು. ಐವತ್ತು ದಾಟಿದವಳಿಗೆ ಇಂಥ ಮಾತು ಸಿಹಿಯಾಗಬೇಕು. "ಹಚ್ಕೊಳ್ಳೂದು ಏನಿಲ್ರಿ, ರೋಗ ಬಂದೈತಿ" ಎಂದು ನಕ್ಕೆ. ನಾನು ನಕ್ಕದ್ದು ಆಕೆಗೆ ಕಾಣಲಿಲ್ಲ. ಒಂದು ಗಳಿಗೆ ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಚೀಲ ಎತ್ತಿಕೊಂಡು ರೋಣದ ಬಸ್ಸಿನ ಕಡೆ ನಡೆದಳು.

ಶುರುವಾದದ್ದು ಬೆರಳುಗಳಿಂದ. ಚಳಿಗಾಲದಲ್ಲಿ ಪಾತ್ರೆ ತೊಳೆಯುವಾಗ ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು, ಆಮೇಲೆ ನೀಲಿ. ನಂತರ ಅದು ಮುಖಕ್ಕೆ ಬಂತು. ಹಣೆಯ ಗೆರೆಗಳು ಹೋದವು, ಮೂಗು ಚೂಪಾಯಿತು, ತುಟಿ ತೆಳುವಾಯಿತು. ಎಲೆ ಅಡಿಕೆ ಸಂಚಿಯ ದಾರ ಎಳೆದರೆ ಅದರ ಬಾಯಿ ಹೇಗೆ ನೆರಿಗೆಗಟ್ಟಿ ಕಿರಿದಾಗುತ್ತದೋ ಹಾಗಾಯಿತು ನನ್ನ ಬಾಯಿ. ಹುಬ್ಬಳ್ಳಿಯ ಡಾಕ್ಟರು ಸ್ಕ್ಲೆರೋಡರ್ಮಾ ಎಂದು ಹೆಸರು ಹೇಳಿದರು. ಚರ್ಮ ಗಟ್ಟಿಯಾಗುತ್ತ ಹೋಗುವ ರೋಗ, ಗುಳಿಗೆ ಕೊಟ್ಟು ಹತೋಟಿಯಲ್ಲಿ ಇಡೋಣ, ಬಾಯಿ ಇನ್ನಷ್ಟು ಕಿರಿದಾಗದಂತೆ ದಿನಾ ವ್ಯಾಯಾಮ ಮಾಡಿ ಎಂದರು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲುಗಳ ನಡುವೆ ಇಟ್ಟು ಬಾಯಿ ಅಗಲಿಸಬೇಕು. ಆಮೇಲೆ ಕಡ್ಡಿ ತೆಗೆದು ಆ, ಈ, ಊ ಎಂದು ಮುಖವನ್ನು ಹಿಗ್ಗಿಸಿ ಹಾಗೇ ಹಿಡಿಯಬೇಕು. ಅಷ್ಟರಲ್ಲಿ ನಾನು ರೊಟ್ಟಿಯನ್ನು ಚೂರು ಮಾಡಿ ತೂರಿಸಿಕೊಳ್ಳುವ ಸ್ಥಿತಿಗೆ ಬಂದಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಎರಡು ಹೊತ್ತೂ ಕಣ್ಣಾರೆ ಕಂಡೆ. "ಬಾಯಿ ಸಣ್ಣದಾತು, ಮಾತು ಮಾತ್ರ ಸಣ್ಣದಾಗಲಿಲ್ಲ ನೋಡು" ಎಂದು ನಮ್ಮ ಮನೆಯವರು ಕಾಡಿಸುತ್ತಿದ್ದರು.

ಕನ್ನಡಿಯ ಮುಂದೆ ಕೂತು ಮಾಡಿ ಎಂದಿದ್ದರು ಡಾಕ್ಟರು. ಅದೊಂದು ನನ್ನಿಂದಾಗಲಿಲ್ಲ. ಕನ್ನಡಿಯಲ್ಲಿದ್ದವಳು ನನ್ನ ಸೀರೆ ಉಟ್ಟಿದ್ದಳು, ನನ್ನ ಕುಂಕುಮ ಹಚ್ಚಿಕೊಂಡಿದ್ದಳು, ಆದರೆ ನಾನು ಸಿಟ್ಟಾದರೆ ಅವಳು ಸಿಟ್ಟಾಗುತ್ತಿರಲಿಲ್ಲ. ಒಂದು ಸಂಜೆ ಏನನ್ನೋ ನೆನೆಸಿಕೊಂಡು ಜೋರಾಗಿ ನಕ್ಕೆ. ಅವಳು ನಗದೆ ನನ್ನನ್ನೇ ನೋಡುತ್ತ ಕೂತಿದ್ದಳು. ಪಡಸಾಲೆಯಿಂದ ಮನೆಯವರು ಒಳಗೆ ಬಂದು ನನ್ನ ಮುಖ ನೋಡಿ, ಕೋಣೆಯ ಸುತ್ತ ನೋಡಿ, "ಯಾರ್ ನಕ್ಕದ್ದು?" ಎಂದರು.

"ನಾನ."

ಹೂಂ ಎಂದರು. ಆದರೂ ಹೋಗುವಾಗ ಬಾಗಿಲ ಹಿಂದೆ ಒಮ್ಮೆ ಇಣುಕಿ ನೋಡಿದರು. ಅವತ್ತೇ ಕನ್ನಡಿಗೆ ಟವೆಲ್ ಹೊದಿಸಿದೆ.

ಮಗಳನ್ನು ರೋಣಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನಕ್ಕೆ ಅವಳು ನಮ್ಮ ಮನೆಗೆ ಬಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನೇ, ಬಗ್ಗದ ಬೆರಳುಗಳಿಂದ ಹಸಿರು ಖಣದ ಕುಲಾವಿ ಹೊಲಿದಿಟ್ಟಿದ್ದೆ. ಹೆಣ್ಣು ಕೂಸು ಹುಟ್ಟಿತು. ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದೆವು. ಮಗಳ ಹೊರಸಿನ ಕೆಳಗೆ ಕೆಂಡದ ಬುಟ್ಟಿ, ದಿಂಬಿನ ಕೆಳಗೆ ಗಾಳಿ ಸೋಕದಿರಲಿ ಎಂದು ಒಂದು ಸಣ್ಣ ಕುಡುಗೋಲು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಓಣಿಯ ಮುದುಕಿಯೊಬ್ಬಳು ದಿನಾ ಬರುತ್ತಿದ್ದಳು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೇನೂ ಬರವಿರಲಿಲ್ಲ. ನೀರು ಹಾಕಿದ ಮೇಲೆ ಅವಳು ಹಾಕುತ್ತಿದ್ದ ಲೋಬಾನದ ಹೊಗೆ ಮಧ್ಯಾಹ್ನದವರೆಗೂ ಕೋಣೆಯಲ್ಲಿ ನಿಂತಿರುತ್ತಿತ್ತು.

ಆ ಹೊಗೆಯಲ್ಲಿ ಕೂಸು ನಿದ್ದೆಯಲ್ಲೇ ನಗುತ್ತಿತ್ತು. ಅದು ಶೆಟಿಗೆವ್ವನ ಆಟ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹುಟ್ಟಿದ ಐದನೆಯ ದಿನ ಬಂದು ಹಣೆಬರಹ ಬರೆಯುವವಳು ಅವಳು. ಆಮೇಲೂ ತೊಟ್ಟಿಲ ಬಳಿ ಬಂದು ಕೂತು ಕೂಸನ್ನು ನಗಿಸುತ್ತಾಳೆ, ಅಳಿಸುತ್ತಾಳೆ. ದೊಡ್ಡವರ ಕಣ್ಣಿಗೆ ಕಾಣುವುದಿಲ್ಲ. "ಬಂದ್ಲು ನೋಡ್" ಎಂದು ಮುದುಕಿ ತೊಟ್ಟಿಲ ಆಚೆಗೆ ಗದ್ದ ತೋರಿಸುತ್ತಿದ್ದಳು. ನಾನೂ ಅತ್ತ ನೋಡುತ್ತಿದ್ದೆ. ಅಲ್ಲಿ ಹೊಗೆ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಎರಡು ತಿಂಗಳು ತುಂಬುವ ಹೊತ್ತಿಗೆ ಕೂಸು ಎಚ್ಚರದಲ್ಲೂ ನಗತೊಡಗಿತು. ತಾಯಿಯನ್ನು ಕಂಡರೆ ನಗು, ಮುದುಕಿಯ ಬೊಚ್ಚು ಬಾಯಿ ಕಂಡರೆ ನಗು. ನಾನು ಎತ್ತಿಕೊಂಡರೆ ಮಾತ್ರ ನಗು ನಿಂತುಬಿಡುತ್ತಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೆ ಚಲೋ ಇತ್ತು. ಕಣ್ಣು ಪಿಳುಕಿಸದೆ ನನ್ನ ಮುಖದಲ್ಲಿ ಏನನ್ನೋ ಹುಡುಕುವ ಹಾಗೆ ನೋಡುತ್ತಿತ್ತು. ನಾನು ಒಳಗೆಲ್ಲ ನಗುತ್ತಿದ್ದೆ, ಮುದ್ದು ಮಾತಾಡುತ್ತಿದ್ದೆ. ಮುಖ ಮಾತ್ರ ಗೋಡೆಯಂತಿತ್ತು. ನೋಡುತ್ತ ನೋಡುತ್ತ ಕೂಸೂ ತುಟಿ ಬಿಗಿದುಕೊಂಡು ಸುಮ್ಮನಾಗುತ್ತಿತ್ತು, ಆಗ ಅದರ ಎಳೆಯ ಮುಖದಲ್ಲಿ ನನ್ನ ಮುಖ ಕಾಣುತ್ತಿತ್ತು. ಕೂಡಲೇ ಅದನ್ನು ತೊಟ್ಟಿಲಲ್ಲಿ ಮಲಗಿಸಿಬಿಡುತ್ತಿದ್ದೆ.

"ನಿನ್ ಮಾರಿ ನೋಡಿದ್ರ ಕೂಸ ಗಪ್ ಆಗ್ತೈತಲ್ಲ ತಂಗಿ" ಎಂದಳು ಮುದುಕಿ.

"ನಿನ್ ಬಾಯಿ ನೋಡಿ ಊರs ಗಪ್ ಆಗೈತಿ, ನೀರ್ ಹಾಕ್ ಸುಮ್ನ" ಎಂದೆ. ಹಾಗೆ ಅಂದೆನೇ ಹೊರತು ಅಡಿಗೆಮನೆಗೆ ಹೋಗಿ ಅತ್ತೆ. ಜಗತ್ತಿನಲ್ಲಿ ನನಗೆ ಆಗ ಬೇಕಿದ್ದದ್ದು ಅದೊಂದೇ, ಈ ಕೂಸು ಒಂದು ಸಲ ನನ್ನನ್ನು ನೋಡಿ ನಗಬೇಕು.

ಮಗಳ ಅತ್ತೆ ಕೂಸನ್ನು ನೋಡಲು ರೋಣದಿಂದ ಬಂದರು. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಕೂಸು ನನ್ನ ತೊಡೆಯ ಮೇಲೆ ಕಲ್ಲಿನ ಹಾಗೆ ಸುಮ್ಮನೆ ಮಲಗಿದ್ದನ್ನು ಅವರು ಬಹಳ ಹೊತ್ತು ನೋಡಿದರು. "ಬೀಗರ, ತಪ್ಪ ತಿಳೀಬ್ಯಾಡ್ರಿ. ಕೂಸ ನೋಡಿದ್ದs ಕಲೀತೈತಿ. ಬರೂ ಸ್ವಾಮಾರ ಇಬ್ರನ್ನೂ ಕರಕೊಂಡ್ ಹೊಕ್ಕೀವಿ" ಎಂದರು. ಐದು ತಿಂಗಳ ಬಾಣಂತನ ಎಂದು ಮಾತಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಏನೆಂದು ಜಗಳಾಡುವುದು? ಅವರು ಹೇಳಿದ್ದಕ್ಕೇ ನಾನೂ ಹೆದರಿಕೊಂಡಿದ್ದೆ. ಮಗಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಕೂಸಿನ ಕಾಲ್ಗಡಗ ತಿರುಗಿಸುತ್ತ ಕೂತಿದ್ದಳು.

ನಡುವೆ ಉಳಿದ ದಿನಗಳಲ್ಲೂ ನನ್ನ ವ್ಯಾಯಾಮ ನಿಲ್ಲಿಸಲಿಲ್ಲ. ಮಧ್ಯಾಹ್ನ ಮಗಳು ಉಂಡು ಮಲಗಿದಾಗ ಕೂಸನ್ನು ಕಾಯುವುದು ನನ್ನ ಪಾಳಿ. ಕನ್ನಡಿ ಇಲ್ಲದ, ಮಬ್ಬು ಬೆಳಕಿನ ಕೋಣೆ ನನಗೂ ಹಿತವಾಗಿತ್ತು. ಬಾಣಂತನ ಶುರುವಾದಾಗಿನಿಂದ ನಾನು ತೊಟ್ಟಿಲ ಬಳಿಯ ಮೂಲೆಯಲ್ಲಿ, ಮಡಚಿಟ್ಟ ಕೌದಿಯ ಮೇಲೆ ಕೂತು ಅಲ್ಲಿಯೇ ಬಾಯಿ ಅಗಲಿಸುತ್ತಿದ್ದೆ. ಕೂಸು ಎಚ್ಚರವಿದ್ದರೆ ನೋಡುತ್ತಿತ್ತು. ನಗುವಂತೂ ಇಲ್ಲ, ನೋಡಿದರೆ ನೋಡಲಿ ಎಂದು ನಾನು ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ.

ಹೊರಡುವ ಹಿಂದಿನ ದಿನ ಹೊಗೆ ತುಸು ಹೆಚ್ಚೇ ಆಗಿತ್ತು. ಕೂಸು ಮುಲುಗಿತೆಂದು ಎದ್ದು ತೊಟ್ಟಿಲ ಮೇಲೆ ಬಾಗಿದೆ. ಕಡ್ಡಿ ಆಗಷ್ಟೇ ತೆಗೆದಿದ್ದೆ, ಆ ಎಂದು ಹಿಗ್ಗಿಸಿದ ಮುಖವನ್ನು ಹಾಗೇ ಹಿಡಿದಿದ್ದೆ. ಸಪ್ಪಳವಿಲ್ಲ. ಹಿಂದೆ ಹೊರಸು ಕಿರ್ರೆಂದಿತು. ತಿರುಗಿದೆ. ಮಗಳು ಎದ್ದು ಕೂತಿದ್ದಳು, ಕೈಯಲ್ಲಿ ಕುಡುಗೋಲಿತ್ತು, ಅದರ ಮೊನೆ ನನ್ನ ಕಡೆಗಿತ್ತು.

"ಯಾರ್ ನೀ?" ಎಂದಳು.

ನಾನು ಹೆತ್ತವಳು. ನಾನು ಎದೆಹಾಲು ಕುಡಿಸಿದವಳು. ಹೇಳಬೇಕೆಂದರೆ ಹಿಗ್ಗಿಸಿದ ಬಾಯಿ ಮಾತಿಗೆ ಲಗೂ ಬರಲೊಲ್ಲದು. ಅಷ್ಟು ಹೊತ್ತೂ ಅವಳು ಕುಡುಗೋಲನ್ನು ಇಳಿಸಲಿಲ್ಲ.

"ನಿಮ್ಮವ್ವ" ಎಂದೆ ಕಡೆಗೆ.

ದನಿ ಕೇಳಿದ ಮೇಲೆ ಅವಳ ಕೈ ಸಡಿಲಾಯಿತು. "ಶೆಟಿಗೆವ್ವ ಬಂದಾಳಂತ ಮಾಡಿದ್ದೆಬೇ. ಕೂಸಿನ್ನ ಒಯ್ಯಾಕ ಬಂದಾಳಂತ" ಎಂದು ನನ್ನ ಕೊರಳಿಗೆ ಬಿದ್ದು ಅತ್ತಳು. ನಾನು ಅವಳ ಬೆನ್ನು ತಟ್ಟಿದೆ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಕರುಣೆಯೂ ಬಂದಿತ್ತು, ಎರಡೂ ಮುಖದ ಮೇಲೆ ಬರಲಿಲ್ಲ. ಅವಳ ಭುಜದ ಆಚೆ ತೊಟ್ಟಿಲಲ್ಲಿ ಕೂಸು ನನ್ನನ್ನೇ ನೋಡುತ್ತಿತ್ತು.

ಸೋಮವಾರ ಕಾರು ಬಂತು. ಉಡಿ ತುಂಬಿದೆ, ಹಸಿರು ಕುಲಾವಿಯನ್ನು ಕೂಸಿನ ತಲೆಗೆ ಕಟ್ಟಿದೆ. ಕಡೆಯ ಸಲ ಎಂದು ಮುಖದ ಹತ್ತಿರ ಮುಖ ಒಯ್ದೆ. ತುಟಿ ಬಿಗಿದುಕೊಂಡು ನೋಡಿತು, ಅಷ್ಟೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮುದುಕಿ, "ಅಳಬ್ಯಾಡ ತಂಗಿ" ಎಂದಳು. ನಾನು ಅಳುತ್ತಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಯಿತೋ ಏನೋ, ನೀರು ಕಂಡಿರಬೇಕು.

ಹೊರಸು ತೆಗೆದೆವು, ಕಂಬಳಿ ಬಿಚ್ಚಿದೆವು. ಕೌದಿ ಮಾತ್ರ ಅಲ್ಲೇ ಬಿಟ್ಟೆ. ರೂಢಿಯಂತೆ ಮಧ್ಯಾಹ್ನ ಹೋಗಿ ಅದೇ ಮೂಲೆಯಲ್ಲಿ ಕೂತು ಬಾಯಿ ಅಗಲಿಸುತ್ತಿದ್ದೆ. ತೊಟ್ಟಿಲು ಇದ್ದ ಜಾಗ ಖಾಲಿ. ಒಂದು ವಾರ ಕಳೆದಿರಬಹುದು, ಅದೇ ಹೊತ್ತಿನಲ್ಲಿ ಫೋನು ಬಂತು. ವಿಡಿಯೋ ಕರೆ, ಮಗಳದು.

"ಯವ್ವಾ, ನೀ ಈಗ ಏನ್ ಮಾಡಾಕತ್ತಿದ್ದಿ?" ಎಂದಳು. ದನಿ ತಗ್ಗಿಸಿದ್ದಳು.

"ಬಾಯಿ ವ್ಯಾಯಾಮ. ಯಾಕ?"

"ಇಲ್ನೋಡು. ದಿನಾ ಹಿಂಗs ಮಾಡ್ತೈತಿ, ಇದs ಹೊತ್ತಿನ್ಯಾಗ."

ಫೋನು ತಿರುಗಿಸಿದಳು. ರೋಣದ ಮನೆಯ ಕೋಣೆ. ಕೂಸು ತೊಟ್ಟಿಲಲ್ಲಿ ಮಲಗಿ ಪಕ್ಕದ ಮೂಲೆಯ ಕಡೆ ನೋಡುತ್ತಿತ್ತು. ಮೂಲೆಯಲ್ಲಿ ಒಂದು ಮಣೆ ಇತ್ತು, ಮತ್ತೇನೂ ಇರಲಿಲ್ಲ. ನೋಡುತ್ತಿದ್ದಂತೆ ಅದು ಬಾಯಿ ತೆರೆಯಿತು. ಗುಂಡಗೆ, ಅಗಲವಾಗಿ, ನನ್ನ ಬಾಯಿ ಎಷ್ಟು ತೆರೆಯಲಿ ಎಂದು ನಾನು ದಿನಾ ಒದ್ದಾಡುತ್ತೇನೋ ಅಷ್ಟು. ತೆರೆದು ಹಾಗೇ ಹಿಡಿಯಿತು. ಆಮೇಲೆ ಮುಚ್ಚಿ, ನನ್ನ ಹಾಗೆಯೇ ತುಸು ತಡೆದು, ಮತ್ತೆ ತೆರೆಯಿತು. ಕಡೆಗೆ ಆ ಖಾಲಿ ಮೂಲೆಯನ್ನು ನೋಡಿ ಒಸಡೆಲ್ಲ ಕಾಣುವಂತೆ ನಕ್ಕಿತು.

"ಅಲ್ಲಿ ಯಾರ್ ಅದಾರಬೇ?" ಎಂದಳು ಮಗಳು.

"ನಾ ಅದೀನಿ" ಎಂದೆ.

ಅವಳು ಫೋನನ್ನು ಒಯ್ದು ಆ ಮೂಲೆಯ ಮಣೆಯ ಮೇಲೆ, ಗೋಡೆಗೆ ಆನಿಸಿ, ಕೂಸಿನ ಕಡೆಗೆ ತಿರುಗಿಸಿ ನಿಲ್ಲಿಸಿದಳು. ನಾನು ಬಾಯಿ ತೆರೆದೆ.