ಎರಡು ಫೋಟೋಗಳ ನಡುವೆ ನಾನು

ನಮ್ಮೋರೆಲ್ಲಾ ಕೇಳಿ, ಇವತ್ತು ಸಿಂಗಟಗೆರೆಯಲ್ಲಿ ನನಗೂ ಶ್ರದ್ಧಾಂಜಲಿ ಆಗೋಯ್ತು ಕಣ್ರಪ್ಪಾ!

ಹೋದ ತಿಂಗಳು ತೀರಿಕೊಂಡ ನನ್ನ ಗೆಳೆಯರು ರುದ್ರಪ್ಪ, ತಿಪ್ಪೇಶಪ್ಪ ಇಬ್ಬರಿಗೂ ಸೇರಿಸಿ ಊರವರು ನುಡಿನಮನ ಇಟ್ಟಿದ್ದರು. ಫೋಟೋಗಳು ಅಕ್ಕಪಕ್ಕ ಇದ್ದವು. ರುದ್ರಪ್ಪನ ಹೆಂಡತಿ ಗೌರಕ್ಕ ಬಂದವಳೇ ಗಂಡನ ಫೋಟೋ ಎತ್ತಿಕೊಂಡುಬಿಟ್ಟಳು.

"ಚೌಕಾಬಾರದಲ್ಲಿ ಮೋಸ ಮಾಡ್ದ ಅಂತ ಇವರು ಸಾಯೋವರೆಗೂ ಅವನ ಪಕ್ಕ ಕೂರಲಿಲ್ಲ. ಈಗ ಕೂರಿಸಿದ್ರೆ ನಾನು ಹೊರಟೆ!"

ತಿಪ್ಪೇಶಪ್ಪನ ಹೆಂಡತಿ ಶಾಂತಕ್ಕ ಬಿಡ್ತಾಳಾ? "ಮೋಸ ಮಾಡಿದ್ದು ನಿನ್ನ ಗಂಡನೇ ಕಣೇ!"

ಸಭೆ ಕೆಟ್ಟೇ ಹೋಯ್ತು ಅಂದುಕೊಂಡೆ. ಅಷ್ಟರಲ್ಲಿ ಗೌರಕ್ಕ ನನ್ನ ಕಡೆ ತಿರುಗಿದಳು. "ಭಾವಾ, ಟೀ ಅಂಗಡಿ ಬೆಂಚಲ್ಲಿ ಯಾವಾಗ್ಲೂ ಇವರಿಬ್ಬರ ಮಧ್ಯ ಕೂರ್ತಿದ್ದೋರು ನೀವೇ ಅಲ್ವಾ? ಬನ್ನಿ, ಕೂತ್ಕಳಿ."

ಗೌರಕ್ಕ ಫೋಟೋ ವಾಪಸ್ ಇಟ್ಟಳು. ಎರಡು ಫೋಟೋಗಳ ಮಧ್ಯ ಕುರ್ಚಿ ಹಾಕಿದರು, ಕೂತೆ. ಎಲ್ಲರೂ ಸಾಲಾಗಿ ಬಂದು ಫೋಟೋಗಳಿಗೆ ಹೂವು ಹಾಕಿದರು. ಚೌಳಹಿರಿಯೂರಿನಿಂದ ತಡವಾಗಿ ಬಂದ, ಕಣ್ಣು ಸರಿಯಾಗಿ ಕಾಣದ ಅಜ್ಜ ಒಬ್ಬರು ನನ್ನ ತಲೆ ಮೇಲೂ ಹೂವು ಹಾಕಿ ಕೈಮುಗಿದರು.

"ಪಾಪ, ಬಂಗಾರದಂಥ ಮನುಷ್ಯ."

ಗೌರಕ್ಕ, ಶಾಂತಕ್ಕ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನಗೆ ಈ ಮಾತು ಯಾರೂ ಯಾವತ್ತೂ ಅಂದಿರಲಿಲ್ಲ. ಅದಕ್ಕೇ ಅಲುಗಾಡದೆ ಕೂತಿದ್ದೆ.