ಕೊನೆಯ ನುಡಿಗೊಂದು ಆಂಪ್ಲಿಫೈಯರು

ಬುಕ್‌ಶೆಲ್ಫ್ ಸ್ಪೀಕರು ಅಂತ ಅದರ ಹೆಸರು. ನಮ್ಮ ಮನೆಯಲ್ಲಿ ಶೆಲ್ಫೂ ಇಲ್ಲ, ಅದರಲ್ಲಿಡುವಷ್ಟು ಪುಸ್ತಕವೂ ಇಲ್ಲ. ಟಿವಿಯ ಎಡಕ್ಕೊಂದು ಬಲಕ್ಕೊಂದು ಕೂರಿಸಿದ್ದೆ. ಹಾಡು ಕೇಳುವ ಹುಚ್ಚು ನನ್ನದು. ಅಪ್ಪನಿಗೆ ಅದರಿಂದ ಬೇಕಾಗಿದ್ದುದು ಒಂದೇ, ಅವ್ವನ ಸೋಬಾನೆ ಪದ.

ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮಾಕವಳ್ಳಿಯಲ್ಲಿ ಅತ್ತೆಯ ಮಗಳ ಮದುವೆಗೆ ಚಪ್ಪರ ಹಾಕಿದ ದಿನ ಅವ್ವ ಹಾಡಿದ್ದನ್ನು ನಾನೇ ಫೋನಿನಲ್ಲಿ ಹಿಡಿದಿದ್ದೆ. ಅವ್ವ ಗಂಡನ ಹೆಸರು ಹಿಡಿದು ಕರೆದವಳಲ್ಲ. 'ಇವ್ರೇ', 'ನೋಡಿ ಇಲ್ಲಿ' ಅನ್ನುವುದರಲ್ಲೇ ಸಂಸಾರ ಮುಗಿಸಿದಳು. ಸೋಬಾನೆಯ ಕೊನೆಯ ನುಡಿಯಲ್ಲಿ, ಮನೆಯನ್ನು ಹರಸುವಾಗ ಮಾತ್ರ, ಅಪ್ಪನ ಹೆಸರು ಸೇರಿಸಿ ಹಾಡುತ್ತಿದ್ದಳು. ಹೆಂಗಸರೆಲ್ಲ ಗೊಳ್ಳೆಂದು ನಗುತ್ತಿದ್ದರು. ಅಪ್ಪ ಏನೂ ಕೇಳದವನ ಹಾಗೆ ಕಂಬದ ಮರೆಯಲ್ಲಿ ನಿಂತಿರುತ್ತಿದ್ದ.

ಅಪ್ಪನದು ಚಿನಕುರಳಿ ಹತ್ತಿರದ ಕಲ್ಲುಕೋರೆಯಲ್ಲಿ ದುಡಿದು ಮಂದವಾದ ಕಿವಿ. ಕಿವಿಗೆ ಹಾಕುವ ಮಿಷನ್ನು ಕೊಡಿಸಿದರೆ 'ಕುಂಯ್ ಅಂತದೆ' ಎಂದು ತೆಗೆದು ಡಬ್ಬಿಗೆ ಹಾಕಿಬಿಟ್ಟ. ಸ್ಪೀಕರಿಗೆ ದನಿ ಏರಿಸಿ ಕೊಡುವ ನನ್ನ ಆಂಪ್ಲಿಫೈಯರಿಗೋ ತಾಕತ್ತಿಲ್ಲ, ಜಾಸ್ತಿ ತಿರುಗಿಸಿದರೆ ದನಿ ಒಡೆಯುತ್ತಿತ್ತು.

"ಕೊನೇಲಿ ನನ್ನೆಸ್ರು ಏಳ್ತಾಳೆ ಕಣ್ಲಾ, ಅದೊಂದೇ ಕೇಳ್ಸಕಿಲ್ಲ. ಒಸಿ ದೊಡ್ಡ ಮಿಷನ್ ತಗಂಬಾ" ಎಂದ ಒಂದು ದಿನ.

ಅದು ಕೇಳಿಸುವುದು ಹೇಗೆ? ಅದರಲ್ಲಿ ಆ ಹೆಸರೇ ಇರಲಿಲ್ಲ. ಅವ್ವ ಕೊನೆಯ ನುಡಿ ಎತ್ತಿಕೊಳ್ಳುವ ಮುಂಚೆಯೇ ನಾನು, "ಸಾಕು ಬುಡವ್ವ, ಬಸ್ಸು ಒಂಟೋಯ್ತದೆ" ಎಂದಿದ್ದೆ. ಅವಳು ನಕ್ಕು ನಿಲ್ಲಿಸಿದ್ದಳು. ಬಸ್ಸು ಬಂದದ್ದು ಅರ್ಧ ಗಂಟೆ ತಡವಾಗಿ. ನನ್ನ ದನಿಯನ್ನು ಕತ್ತರಿಸಿ ಎಸೆಯುವುದು ಎಷ್ಟು ಹೊತ್ತಿನ ಕೆಲಸ? ಇಲ್ಲದ ಹೆಸರನ್ನು ಎಲ್ಲಿಂದ ತರಲಿ? ಅಪ್ಪನಿಗೆ ಹೇಳಿಬಿಡಬೇಕಿತ್ತು. ಹೇಳುವ ಬದಲು ಪಾಂಡವಪುರದ ಬಸ್ಸು ಹತ್ತಿದೆ.

ಅಲ್ಲಿನ ಅಂಗಡಿಯವನು ನೆಟ್ಟಗೇ ಹೇಳಿದ: "ಅಣ್ಣ, ಮಾತು ಬುಡಿಸಿ ಕೇಳ್ಬೇಕು ಅಂದ್ರೆ ದೊಡ್ಡ ಆಂಪ್ಲಿಫೈಯರ್ ತಗಳಿ. ಸಬ್‌ವೂಫರ್ರು ದುಮ್ ದುಮ್ ಅಂತದೆ ಅಷ್ಟೇಯ."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಬೀದಿಗೆಲ್ಲ ಸೌಂಡಿನ ವಿಚಾರದಲ್ಲಿ ಬುದ್ಧಿ ಹೇಳುವ ದೊಡ್ಡ ಮನುಷ್ಯ ನಾನು. ಗೊತ್ತಿದ್ದೇ ಸಬ್‌ವೂಫರ್ ಹೊತ್ತುಕೊಂಡು ಬಂದೆ. ಅಪ್ಪನಿಗೆ, ದನಿ ತುಂಬಿಕೊಂಡು ಬರುತ್ತದೆ ಎಂದು ಸುಳ್ಳು ಹೇಳಿದೆ. ಅವನು ಆ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತು, ಪದ ಮುಗಿಯುವವರೆಗೂ ಕೇಳಿದ. "ಕೈ ನಡುಗ್ತದೆ. ನಿಮ್ಮವ್ವ ಎಲ್ಲವ್ಳೆ ಇದ್ರಾಗೆ?" ಎಂದ. ನಾನು ಹಟ್ಟಿಯ ಕಡೆ ಎದ್ದು ಹೋದೆ, ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ.

ವಾರ ಕಳೆದಿರಬಹುದು. ಮಧ್ಯಾಹ್ನ ಮನೆಗೆ ಬಂದರೆ ಸಬ್‌ವೂಫರ್ ಇದ್ದ ಜಾಗ ಖಾಲಿ. ಅಪ್ಪ ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಹೋಗಿ, ಅದೇ ಅಂಗಡಿಯಲ್ಲಿ ಕೊಟ್ಟು, ಬದಲಿಗೆ ದೊಡ್ಡ ಆಂಪ್ಲಿಫೈಯರ್ ತಂದಿದ್ದ. ಪೇಟೆಗೆಂದು ಹಾಕಿದ ಹೊಸ ಅಂಗಿಯನ್ನೂ ಬಿಚ್ಚಿರಲಿಲ್ಲ.

"ವೈರು ಸೇರ್ಸ್ಲಾ" ಎಂದ.

ಸೇರಿಸಿದೆ. ಅವ್ವನ ದನಿ ಪಕ್ಕದಲ್ಲೇ ಕೂತು ಹಾಡಿದಷ್ಟು ನಿಚ್ಚಳವಾಗಿ ಬಂತು. ಅಪ್ಪನ ಮುಖ ಅರಳಿದ್ದನ್ನು ಅವ್ವ ಹೋದ ಮೇಲೆ ನಾನು ನೋಡಿದ್ದು ಅದೇ ಮೊದಲು. ನಿಲ್ಲಿಸಿಬಿಡಲೇ ಅನ್ನಿಸಿತು, ಆದರೆ ಒಮ್ಮೆ ಹಾಗೆ ನಿಲ್ಲಿಸಿದ್ದು ಸಾಕಾಗಿತ್ತು. ಆಮೇಲೆ ನನ್ನ ಮಾತು ಬಂತು, ಒಂದಕ್ಷರವೂ ಮಾಸದೆ. ಅವ್ವನ ನಗು. ಅಲ್ಲಿಗೆ ಮುಗಿಯಿತು.

ಅಪ್ಪ ಇನ್ನೊಮ್ಮೆ ಹಾಕಿಸಿದ, ಮತ್ತೂ ಒಮ್ಮೆ. ನಾನು ತಲೆ ಎತ್ತಲಿಲ್ಲ. ಬೈಯಲಿ, ಎರಡು ಬಾರಿಸಲಿ ಎಂದು ಕಾಯುತ್ತಿದ್ದೆ. ಅವನು ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡ.

"ಅಂಗಾರೆ ತಪ್ಪು ನನ್ ಕಿವೀದಲ್ಲ ಬುಡು" ಎಂದ.